ಇಂಗ್ಲಿಷಿನ ನಾಮಭೇದಗಳೂ ಕನ್ನಡದ ನಾಮಪ್ರಕೃತಿಯೂ

ಶಿಗ್ಗಾವಿ ತಾಲೂಕಿನ ತಡಸದಂತಹ ಊರಿನಲ್ಲಿ ಕನ್ನಡವನ್ನೇ ಮನೆಮಾತಾಗಿ ಆಡುತ್ತ ಬೆಳೆದ ಬಾಲಕನು ಇಂಗ್ಲಿಷ್ ವ್ಯಾಕರಣವನ್ನು ಕಲಿಯತೊಡಗಿದಾಗ ಅವನಿಗೆ ಮೊದಲು ಎದುರಾಗುವ ಪ್ರಕರಣವೇ ನಾಮಪದದ್ದು. ನೌನ್ ಎಂಬುದು ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಆಬ್‌ಸ್ಟ್ರಾಕ್ಟ್ ಎಂದು ಐದು ಬಗೆಯೆಂದೂ, ಇವಕ್ಕೆ ಕನ್ನಡದಲ್ಲಿ ಕ್ರಮವಾಗಿ ಅಂಕಿತನಾಮ, ರೂಢನಾಮ, ಸಮೂಹನಾಮ, ದ್ರವ್ಯನಾಮ, ಭಾವನಾಮ ಎನ್ನಬೇಕೆಂದೂ ಹೇಳಿಕೊಡುವುದು ವಾಡಿಕೆ. ಈ ಐದರಲ್ಲಿ ಅಂಕಿತ, ರೂಢ, ಭಾವ ಎಂಬ ಸಂಜ್ಞೆಗಳು ನಮ್ಮ ಪೂರ್ವವೈಯಾಕರಣರಿಂದ ಬಂದವು. ಆದರೆ ಸಂಜ್ಞೆ ಹಳೆಯದಾದಮಾತ್ರಕ್ಕೆ ಅದು ಹೊಸ ಅರ್ಥವನ್ನು ತಪ್ಪಿಲ್ಲದೆ ಹೊರುವುದೆಂದು ಹೇಳಲಾಗದು. ಒಂದು ಭಾಷೆಯ ವಿಭಾಗವನ್ನು ಇನ್ನೊಂದರ ಸಂಜ್ಞೆಗಳಿಂದ ಕರೆದಾಗ ಎರಡು ಹಾನಿಗಳುಂಟು: ವಿದ್ಯಾರ್ಥಿಗೆ ಇಂಗ್ಲಿಷಿನ ಪ್ರಯೋಗವು ತಿಳಿಯದೆ ಹೋಗುವುದು ಒಂದು; ಕನ್ನಡದ ಸ್ವಂತ ವ್ಯವಸ್ಥೆಯು ಮರೆಯಾಗುವುದು ಇನ್ನೊಂದು. ಎರಡನೆಯದು ಹೆಚ್ಚಿನದು.

ಮೊದಲು ಇಂಗ್ಲಿಷಿನ ವಿಭಾಗದ ಇತಿಹಾಸವನ್ನು ನೋಡಬಹುದು. ನಾಮವನ್ನು ಒಂದೇ ವ್ಯಕ್ತಿಗೆ ಸಲ್ಲುವುದು, ಜಾತಿಗೆಲ್ಲ ಸಲ್ಲುವುದು ಎಂದು ಎರಡಾಗಿ ಒಡೆಯುವ ಪದ್ಧತಿಯು ಪ್ರಾಚೀನ ಗ್ರೀಕರದು. ಸ್ಟೋಯಿಕ್ ಪಂಥದವರು ಇವೆರಡನ್ನು ಬೇರೆ ಬೇರೆ ಪದಜಾತಿಗಳೆಂದೇ ಎಣಿಸಿದರು. ಡಯೊನೀಷಿಯಸ್ ಥ್ರಾಕ್ಸನ ಹೆಸರಿನಲ್ಲಿರುವ ವ್ಯಾಕರಣದಲ್ಲಿ ಇವು ಮತ್ತೆ ಒಂದೇ ನಾಮದ ಎರಡು ಭೇದಗಳಾದುವು. ಲ್ಯಾಟಿನ್ ವ್ಯಾಕರಣದ ಮೂಲಕ ಇದು ಇಂಗ್ಲಿಷಿಗೆ ಇಳಿಯಿತು. 1795ರಲ್ಲಿ ಪ್ರಕಟವಾದ ಲಿಂಡ್ಲಿ ಮರ್ರೆಯ ವ್ಯಾಕರಣದಲ್ಲಿ ನಾಮಗಳು ಪ್ರಾಪರ್ ಮತ್ತು ಕಾಮನ್ ಎಂದು ಎರಡೇ. ಭಾರತದ ಶಾಲೆಗಳಲ್ಲಿ ಬಹುಕಾಲ ನಡೆದ ನೆಸ್‌ಫೀಲ್ಡನ ಪುಸ್ತಕಗಳಲ್ಲಿ ಅವು ಐದು. 1930ರ ದಶಕದಲ್ಲಿ ಹೊರಬಂದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವು ಸಮೂಹವಾಚಿ, ಭಾವವಾಚಿಗಳನ್ನು ಕಾಮನ್ ನೌನಿನಲ್ಲಿಯೇ ಅಡಗಿಸುತ್ತದೆ. ಡೆನ್ಮಾರ್ಕಿನ ಪಂಡಿತ ಓಟೊ ಯೆಸ್ಪರ್ಸನ್ನನು 1924ರ ತನ್ನ ಗ್ರಂಥದಲ್ಲಿ ಎಣಿಸತಕ್ಕವು, ರಾಶಿವಾಚಿಗಳು ಎಂಬ ಬೇರೊಂದು ಭೇದವನ್ನು ಮುಂದಿಟ್ಟನು. ಎರಡು, ಐದು, ಮತ್ತೆ ಎರಡು ಎಂದು ಸಂಖ್ಯೆಯು ಹೀಗೆ ಬದಲಾಗಿರುವುದರಿಂದ ಈ ವಿಭಾಗವು ವಸ್ತುಸಿದ್ಧವಾದುದಲ್ಲ, ಪ್ರಯೋಜನವನ್ನನುಸರಿಸಿ ಮಾಡಿಕೊಂಡುದು ಎಂಬುದು ಸ್ಪಷ್ಟ.

ಇನ್ನು ಕನ್ನಡದ ಕಡೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಮಪ್ರಕೃತಿಯನ್ನು ಲಿಂಗವೆಂದು ಕರೆದು, ಕೃತ್ತು, ತದ್ಧಿತ, ಸಮಾಸ, ನಾಮ ಎಂದು ಅದರ ಭೇದಗಳನ್ನು ಹೇಳುತ್ತಾನೆ. ರೂಢ, ಅನ್ವರ್ಥ, ಅಂಕಿತಗಳೂ, ಗುಣವಚನ, ಸಂಖ್ಯೆ, ಸರ್ವನಾಮಗಳೂ ಈ ನಾಮವರ್ಗದಲ್ಲಿಯೇ ಸೇರುತ್ತವೆ. ಇಲ್ಲಿ ಒರೆಗಲ್ಲು ವಿಭಕ್ತಿ: ಯಾವುದು ವಿಭಕ್ತಿಪ್ರತ್ಯಯವನ್ನು ಹೊರಬಲ್ಲುದೋ ಅದು ನಾಮ. ಇಂಗ್ಲಿಷಿನಲ್ಲಿ ಬೇರೆ ಪದಜಾತಿಗಳಾಗಿ ನಿಂತ ಗುಣವಾಚಿಯೂ ಸರ್ವನಾಮವೂ ಇಲ್ಲಿ ನಾಮದೊಳಗೇ ಕುಳಿತಿರುವುದು ಇದರಿಂದಲೇ. ಇದನ್ನು ದೋಷವೆಂದು ಭಾವಿಸಬೇಕಾಗಿಲ್ಲ. ಲ್ಯಾಟಿನ್ ವೈಯಾಕರಣರೂ ವಿಭಕ್ತಿಯನ್ನು ನೋಡಿಯೇ ಗುಣವಾಚಿಯನ್ನು ನಾಮದಲ್ಲಿ ಸೇರಿಸಿದ್ದರು. ಹಳೆಯ ಇಂಗ್ಲಿಷ್ ವ್ಯಾಕರಣಗಳಲ್ಲಿಯೂ ನೌನ್ ಸಬ್‌ಸ್ಟಾಂಟಿವ್, ನೌನ್ ಆಡ್ಜೆಕ್ಟಿವ್ ಎಂಬ ಜೋಡಿ ಇದ್ದಿತು. ಇಂಗ್ಲಿಷಿನಲ್ಲಿ ವಿಭಕ್ತಿಗಳು ಸವೆದುಹೋದ ಮೇಲೆ ಆ ಜೋಡಿಯು ಬಿಟ್ಟುಹೋಯಿತು.

ಕಾಮನ್ ನೌನನ್ನು ರೂಢನಾಮವೆನ್ನುವುದರಲ್ಲಿ ಮೊದಲ ತೊಡಕು ಇದೆ. ರೂಢವೆಂದರೆ ಅವಯವಾರ್ಥವಿಲ್ಲದೆ ಬಳಕೆಯಿಂದಲೇ ಅರ್ಥವನ್ನು ಕೊಡುವ ಶಬ್ದ: ನೆಲ, ಮರ, ಹೊಳೆ. ಅನ್ವರ್ಥವೆಂದರೆ ಅರ್ಥಕ್ಕೆ ಅನುಗುಣವಾಗಿ ಬಂದುದು: ಒಕ್ಕಲಿಗ, ವ್ಯಾಪಾರಿ, ಕುರುಡ. ಇಲ್ಲಿಯ ಪ್ರಶ್ನೆಯು ಶಬ್ದಕ್ಕೆ ಅರ್ಥವು ಹೇಗೆ ಬಂದಿತು ಎಂಬುದು. ಇಂಗ್ಲಿಷಿನ ಪ್ರಶ್ನೆಯಾದರೋ ಶಬ್ದವು ಎಷ್ಟು ವ್ಯಕ್ತಿಗಳಿಗೆ ಸಲ್ಲುತ್ತದೆ ಎಂಬುದು. ಮರವೂ ಒಕ್ಕಲಿಗನೂ ಇಂಗ್ಲಿಷಿನ ಲೆಕ್ಕದಲ್ಲಿ ಒಂದೇ ವರ್ಗ; ಕನ್ನಡದ ಲೆಕ್ಕದಲ್ಲಿ ಬೇರೆ ಬೇರೆ. ಆದುದರಿಂದ ಕಾಮನ್ ನೌನಿಗೆ ರೂಢನಾಮವೆಂದು ಹೇಳಿದ ಕೂಡಲೆ ಅನ್ವರ್ಥವು ನಿರಾಶ್ರಯವಾಗುತ್ತದೆ. ಜಾತಿಯನ್ನು ಹೇಳುವ ಶಬ್ದಕ್ಕೆ ಪತಂಜಲಿಯು ಮಹಾಭಾಷ್ಯದಲ್ಲಿ ಜಾತಿಶಬ್ದವೆಂಬ ಹೆಸರನ್ನೇ ಇಟ್ಟಿದ್ದಾನೆ. ಗುಣಶಬ್ದ, ಕ್ರಿಯಾಶಬ್ದ, ಯದೃಚ್ಛಾಶಬ್ದಗಳು ಅದರ ಜೊತೆಯವು. ಕಾಮನ್ ನೌನಿಗೆ ಜಾತಿನಾಮವೆಂದರೆ ಅರ್ಥವೂ ಸರಿಯಾಗುವುದು, ರೂಢಾನ್ವರ್ಥಗಳಿಗೂ ಧಕ್ಕೆ ಬಾರದು.

ಅಂಕಿತನಾಮವು ಪ್ರಾಪರ್ ನೌನಿಗೆ ಬಹುಮಟ್ಟಿಗೆ ಹೊಂದುತ್ತದೆ. ಆದರೂ ಅಂಕಿತವು ಶಬ್ದದ ಹುಟ್ಟುಗುಣವಲ್ಲ, ಪ್ರಯೋಗಸಿದ್ಧವಾದುದು ಎಂಬುದನ್ನು ತಡಸದ ಸುತ್ತಣ ಊರ ಹೆಸರುಗಳೇ ತೋರಿಸುತ್ತವೆ. ಕನಕದಾಸರ ಜನ್ಮಸ್ಥಳವಾದ ಬಾಡವು ಇದೇ ತಾಲೂಕಿನಲ್ಲಿದೆ. ಬಾಡವೆಂಬುದು ಶಾಸನಗಳಲ್ಲಿ ಹಳ್ಳಿಯೆಂಬರ್ಥದ ಜಾತಿನಾಮ. ಕಾಲಕ್ರಮದಲ್ಲಿ ಅದು ಒಂದೂರಿಗೆ ಅಂಕಿತವಾಗಿ ನಿಂತಿತು. ಬಂಕಾಪುರದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಸಾಮಂತನಾದ ಬಂಕೇಯನ ಅಂಕಿತಕ್ಕೆ ಪುರವೆಂಬ ಜಾತಿನಾಮವು ಸೇರಿ ಮತ್ತೊಂದು ಅಂಕಿತವಾಗಿದೆ. ಶಾಸನಗಳ ಪಾನುಂಗಲ್ಲು ಇಂದು ಹಾನಗಲ್ಲಾಗಿದೆ. ಪಕಾರವು ಹಕಾರವಾಗುವ ಧ್ವನಿನಿಯಮಕ್ಕೆ ಅಂಕಿತವೂ ಜಾತಿನಾಮದಂತೆಯೇ ಒಳಪಟ್ಟಿದೆ. ಇದರ ವಿಪರೀತವೂ ಉಂಟು: ಬ್ಯಾಡಗಿ ಎಂಬುದು ಊರ ಹೆಸರಾದರೂ ಪೇಟೆಯಲ್ಲಿ ಬ್ಯಾಡಗಿಯೆಂದರೆ ಒಂದು ಬಗೆಯ ಮೆಣಸಿನಕಾಯಿ.

ಈಗ ಪ್ರಯೋಗಕ್ಕೆ ಬರೋಣ. ಇಂಗ್ಲಿಷಿನಲ್ಲಿ ಅಂಕಿತಕ್ಕೂ ಜಾತಿನಾಮಕ್ಕೂ ಇರುವ ಭೇದವು ರೂಪದಲ್ಲಿ ಕಾಣಿಸುತ್ತದೆ. ತಡಸವು ಒಂದು ಹಳ್ಳಿ ಎಂದು ಹೇಳುವಾಗ ಊರ ಹೆಸರಿಗೆ ಆರ್ಟಿಕಲ್ ಬೇಡ, ವಿಲೇಜ್ ಎಂಬುದಕ್ಕೆ ಎ ಎಂಬುದು ಬೇಕೇ ಬೇಕು. ನದಿಯ ಹೆಸರುಗಳು ಈ ನಿಯಮಕ್ಕೆ ಹೊರಗು. ಹಾನಗಲ್ಲು, ಸವಣೂರುಗಳ ಸೀಮೆಯಲ್ಲಿ ಹರಿಯುವ ಹೊಳೆಯು ಇಂಗ್ಲಿಷಿನಲ್ಲಿ ದಿ ವರದಾ. ಅದೇ ಹೆಸರಿನ ಹುಡುಗಿಯು ಬರಿಯ ವರದಾ. ಕನ್ನಡದಲ್ಲಿ ಇಂತಹ ಗುರುತು ಯಾವುದೂ ಇಲ್ಲ. ತಡಸ ಎಂಬ ಅಂಕಿತವು ಮರ ಎಂಬ ಜಾತಿನಾಮದಂತೆಯೇ ನಡೆಯುತ್ತದೆ: ಮರಕ್ಕೆ, ತಡಸಕ್ಕೆ, ಮರದಲ್ಲಿ, ತಡಸದಲ್ಲಿ. ರಾಮ ಎಂಬ ಅಂಕಿತವು ಅರಸ ಎಂಬ ಜಾತಿನಾಮದಂತೆ: ಅರಸನಿಗೆ, ರಾಮನಿಗೆ. ಎಂದರೆ ಕನ್ನಡದ ವಿಭಕ್ತಿಯು ಅಂಕಿತವೋ ಜಾತಿಯೋ ಎಂದು ಕೇಳುವುದಿಲ್ಲ. ಮನುಷ್ಯವಾಚಿಯೋ ಅಲ್ಲವೋ ಎಂದು ಕೇಳುತ್ತದೆ. ಕನಕ ಎಂಬ ಶಬ್ದವೊಂದೇ ಇದಕ್ಕೆ ಸಾಕಾದ ನಿದರ್ಶನ. ಚಿನ್ನವೆಂಬರ್ಥದಲ್ಲಿ ಅದು ಕನಕಕ್ಕೆ, ಕನಕದಲ್ಲಿ ಎಂದಾಗುತ್ತದೆ. ಬಾಡದ ಭಕ್ತಕವಿಯನ್ನು ಹೇಳುವಾಗ ಕನಕನಿಗೆ, ಕನಕನಲ್ಲಿ ಎಂದಾಗುತ್ತದೆ. ತಿಮ್ಮಪ್ಪನೆಂಬ ಹೆಸರಿನವನಿಗೆ ನಿಧಿಯು ದೊರೆತುದರಿಂದ ಕನಕನೆಂಬ ಹೆಸರಾಯಿತೆಂದು ಸಂಪ್ರದಾಯವು ಹೇಳುತ್ತದೆ. ಆ ದೃಷ್ಟಿಯಲ್ಲಿ ಅದು ಅನ್ವರ್ಥವೂ ಹೌದು, ಅಂಕಿತವೂ ಹೌದು.

ಈ ಮಾನವಾಮಾನವಭೇದವು ವಚನದಲ್ಲಿಯೂ ಕಾಣಬರುತ್ತದೆ. ನಾಲ್ಕು ಎತ್ತು, ಹತ್ತು ಮರ ಎಂದರೆ ಕನ್ನಡಕ್ಕೆ ಸಾಕು. ಸಂಖ್ಯೆಯು ಬಹುತ್ವವನ್ನು ಹೇಳಿದ ಮೇಲೆ ನಪುಂಸಕಕ್ಕೆ ಗಳು ಎಂಬ ಪ್ರತ್ಯಯವು ಐಚ್ಛಿಕ. ಮನುಷ್ಯವಾಚಿಗಾದರೋ ಪ್ರತ್ಯಯವೂ ಬೇಕು, ಸಂಖ್ಯೆಯ ರೂಪವೇ ಬೇರೆಯಾಗಬೇಕು: ನಾಲ್ವರು ಒಕ್ಕಲಿಗರು, ಇಬ್ಬರು ಮಕ್ಕಳು. ಇಂಗ್ಲಿಷಿನಲ್ಲಿ ಎತ್ತಿಗೂ ಒಕ್ಕಲಿಗನಿಗೂ ಒಂದೇ ನಿಯಮ. ಬಾಲಕನು ಫೋರ್ ಟ್ರೀ ಎಂದು ಬರೆದರೆ ಅದು ಅಲಕ್ಷ್ಯದ ಫಲವಲ್ಲ. ತನ್ನ ಭಾಷೆಯ ನಿಯಮವನ್ನು ಅವನು ನಿಷ್ಠೆಯಿಂದ ನಡೆಸಿದ್ದಾನೆ. ಉಪಾಧ್ಯಾಯನು ತಪ್ಪನ್ನು ತಿದ್ದಬೇಕಾದುದು ನಿಜ. ಕಾರಣವನ್ನರಿತು ತಿದ್ದಿದರೆ ಅದು ನಿಲ್ಲುತ್ತದೆ.

ದ್ರವ್ಯನಾಮದ ವಿಷಯದಲ್ಲಿ ಎಚ್ಚರಿಕೆಯು ಹೆಚ್ಚಾಗಿ ಬೇಕು. ನೀರು, ಹಾಲು, ಚಿನ್ನಗಳನ್ನು ಎರಡು ಭಾಷೆಗಳೂ ಎಣಿಸುವುದಿಲ್ಲ, ಅಳೆಯುತ್ತವೆ. ಆದರೆ ಅಳತೆಯ ರೀತಿ ಬೇರೆ. ಒಂದು ಚೀಲ ಜೋಳ, ಎರಡು ಸೇರು ಹಾಲು ಎಂದು ಕನ್ನಡವು ಅಳತೆಯನ್ನೂ ದ್ರವ್ಯವನ್ನೂ ಸುಮ್ಮನೆ ಪಕ್ಕದಲ್ಲಿಡುತ್ತದೆ. ಇಂಗ್ಲಿಷಿಗೆ ನಡುವೆ ಆಫ್ ಎಂಬುದು ಬೇಕು. ಹೊಲದ ಭತ್ತ, ಕಣಜದ ಅಕ್ಕಿ, ಎಲೆಯ ಮೇಲಿನ ಅನ್ನ ಎಂದು ಕನ್ನಡಿಗನು ಮೂರಾಗಿ ಹೇಳುವಲ್ಲಿ ಇಂಗ್ಲಿಷಿನ ರೈಸ್ ಎಂಬ ಒಂದೇ ಶಬ್ದವು ಸಾಮಾನ್ಯವಾಗಿ ಎಲ್ಲಕ್ಕೂ ಒದಗುತ್ತದೆ. ಸಲಹೆ, ಸುದ್ದಿ, ಮಾಹಿತಿಗಳನ್ನು ಕನ್ನಡವು ಎಣಿಸುತ್ತದೆ: ಎರಡು ಸಲಹೆ, ಮೂರು ಸುದ್ದಿ. ಇಂಗ್ಲಿಷಿನ ಅಡ್ವೈಸ್, ನ್ಯೂಸ್, ಇನ್‌ಫರ್ಮೇಷನ್‌ಗಳು ಎಣಿಕೆಗೆ ಸಲ್ಲವು. ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವ ಕುರ್ಚಿ ಮೇಜುಗಳನ್ನು ಒಟ್ಟಾಗಿ ಹೇಳುವ ಫರ್ನಿಚರ್ ಎಂಬುದೂ ಸಲ್ಲದು. ವೀಟ್ ಎಂಬ ಗೋದಿಯು ಇಂಗ್ಲಿಷಿನಲ್ಲಿ ಏಕವಚನ, ಓಟ್ಸ್ ಎಂಬ ಧಾನ್ಯವು ಬಹುವಚನ. ಎರಡೂ ಕಾಳುಗಳೇ. ಆದುದರಿಂದ ಎಣಿಸತಕ್ಕವು, ಎಣಿಸಲಾಗದವು ಎಂಬ ಭೇದವು ವಸ್ತುವಿನಲ್ಲಿಲ್ಲ, ಭಾಷೆಯ ರೂಢಿಯಲ್ಲಿದೆ. ವಸ್ತುವನ್ನು ನೋಡಿ ಊಹಿಸುವ ಬದಲು ಪ್ರಯೋಗವನ್ನು ನೋಡಿ ಕಲಿಯಬೇಕು. ಐರನ್ ಎಂದರೆ ಕಬ್ಬಿಣವೆಂಬ ದ್ರವ್ಯ. ಆನ್ ಐರನ್ ಎಂದರೆ ಇಸ್ತ್ರಿಪೆಟ್ಟಿಗೆ. ಆರ್ಟಿಕಲ್ಲೊಂದರಿಂದಲೇ ನಾಮದ ವರ್ಗವು ಬದಲಾಯಿತು.

ಸಮೂಹನಾಮಗಳು ಕನ್ನಡದಲ್ಲಿ ಹೇರಳವಾಗಿವೆ: ದನದ ಮಂದೆ, ಕುರಿಯ ಹಿಂಡು, ಬಾಳೆಯ ಗೊನೆ, ಜೋಳದ ರಾಶಿ. ಕ್ರಿಯಾಪದದೊಡನೆ ಇವುಗಳ ಹೊಂದಾಣಿಕೆಯು ವಿಚಾರಾರ್ಹ. ಸಮೂಹವನ್ನು ಒಂದೆಂದು ಭಾವಿಸಿದರೆ ಏಕವಚನ, ಅದರೊಳಗಿನವರನ್ನು ಭಾವಿಸಿದರೆ ಬಹುವಚನ ಎಂದು ಇಂಗ್ಲಿಷಿನ ನಿಯಮ. ಕಮಿಟಿಯು ಇಂಗ್ಲೆಂಡಿನ ಪ್ರಯೋಗದಲ್ಲಿ ಎರಡನ್ನೂ ತಾಳುತ್ತದೆ. ಕನ್ನಡದಲ್ಲಿ ದಂಡು ಬಂದಿತು, ಸಭೆ ಮುಗಿಯಿತು ಎಂದು ನಪುಂಸಕೈಕವಚನವೇ ಸಹಜ. ಜನ, ಮಂದಿ ಎಂಬ ಶಬ್ದಗಳು ಮಾತ್ರ ಬಹುವಚನಪ್ರತ್ಯಯವಿಲ್ಲದೆಯೇ ಜನ ಬಂದರು, ಮಂದಿ ಕೂಡಿದರು ಎಂದು ಬಹುವಚನಕ್ರಿಯೆಯನ್ನು ಪಡೆಯುತ್ತವೆ. ಇಲ್ಲಿಯೂ ನಿರ್ಣಾಯಕವಾದುದು ಮನುಷ್ಯಾರ್ಥವೇ.

ಭಾವನಾಮದಲ್ಲಿ ಎರಡು ಭಾಷೆಗಳೂ ನಿಜವಾಗಿ ಹತ್ತಿರ ಬರುತ್ತವೆ. ಇಂಗ್ಲಿಷಿನಲ್ಲಿ ಅದು ಕ್ರಿಯೆಯಿಂದ, ಗುಣದಿಂದ, ನಾಮದಿಂದ ಎಂದು ಮೂರು ಬಗೆಯಾಗಿ ಹುಟ್ಟುತ್ತದೆ: ಗ್ರೋ ಎಂಬುದರಿಂದ ಗ್ರೋತ್, ಕೈಂಡ್ ಎಂಬುದರಿಂದ ಕೈಂಡ್‌ನೆಸ್, ಚೈಲ್ಡ್ ಎಂಬುದರಿಂದ ಚೈಲ್ಡ್‌ಹುಡ್. ಕನ್ನಡದ ಕೃತ್ತದ್ಧಿತಗಳೂ ಇದೇ ದಾರಿಯವು: ನಂಬು ಎಂಬುದರಿಂದ ನಂಬಿಕೆ, ಓಡು ಎಂಬುದರಿಂದ ಓಟ, ಕೆಡು ಎಂಬುದರಿಂದ ಕೇಡು, ಹಿರಿದು ಎಂಬುದರಿಂದ ಹಿರಿಮೆ, ಜಾಣ ಎಂಬುದರಿಂದ ಜಾಣತನ. ಭಾವವು ವಸ್ತುವಾಗಿ ಗಟ್ಟಿಗೊಳ್ಳುವುದೂ ಎರಡರಲ್ಲಿಯೂ ಸಮಾನ. ಉಡು ಎಂಬ ಧಾತುವಿನ ಉಡುಗೆಯು ಉಡುವಿಕೆಯಷ್ಟೇ ಅಲ್ಲ, ಉಡುವ ಬಟ್ಟೆಯೂ ಹೌದು. ಬಿಲ್ಡಿಂಗ್ ಎಂಬುದು ಕಟ್ಟುವಿಕೆಯೂ ಹೌದು, ಕಟ್ಟಡವೂ ಹೌದು. ಬಾಲಕನಿಗೆ ಇಂಗ್ಲಿಷಿನ ನಾಮಪ್ರಕರಣವನ್ನು ಭಾವನಾಮದಿಂದಲೇ ತೊಡಗಿಸಿದರೆ ಅವನು ಗೊತ್ತಿರುವ ನೆಲದ ಮೇಲೆ ನಿಂತು ಮುಂದೆ ಹೆಜ್ಜೆಯಿಡಬಲ್ಲನು.

ಮೇಲಣ ವಿಚಾರದಿಂದ ಫಲಿಸುವುದಿಷ್ಟು. ಇಂಗ್ಲಿಷಿನ ನಾಮಭೇದಗಳು ಆರ್ಟಿಕಲ್ಲಿಗೂ ವಚನಕ್ಕೂ ಸಂಬಂಧಪಟ್ಟವು; ಆ ಎರಡು ಪ್ರಯೋಜನಗಳಿಲ್ಲದೆ ಐದು ಹೆಸರುಗಳನ್ನು ಬಾಯಿಪಾಠ ಮಾಡಿಸುವುದು ವ್ಯರ್ಥ. ಕನ್ನಡದ ನಾಮಭೇದಗಳಲ್ಲಿ ಒಂದು ಶಬ್ದವು ಅರ್ಥವನ್ನು ಪಡೆದ ಬಗೆಗೂ, ಇನ್ನೊಂದು ಮನುಷ್ಯಾಮನುಷ್ಯಭೇದವನ್ನನುಸರಿಸಿದ ವಿಭಕ್ತಿವಚನಗಳಿಗೂ ಸಂಬಂಧಪಟ್ಟವು. ಒಂದನ್ನು ಇನ್ನೊಂದರ ಅಚ್ಚಿನಲ್ಲಿ ಎರೆದರೆ ಎರಡೂ ರೂಪಗೆಡುತ್ತವೆ. ಕಾಮನ್ ನೌನಿಗೆ ಜಾತಿನಾಮವೆಂಬ ಸಂಜ್ಞೆಯನ್ನು ಕೊಟ್ಟು, ರೂಢಾನ್ವರ್ಥಾಂಕಿತಗಳನ್ನು ಕೇಶಿರಾಜನ ಅರ್ಥದಲ್ಲಿಯೇ ಉಳಿಸಿಕೊಂಡು, ಎರಡು ವ್ಯವಸ್ಥೆಗಳನ್ನೂ ಒಂದರ ಪಕ್ಕದಲ್ಲೊಂದಿಟ್ಟು ಕಲಿಸುವುದು ಯುಕ್ತ. ಹೀಗೆ ಕಲಿತ ವಿದ್ಯಾರ್ಥಿಗೆ ಇಂಗ್ಲಿಷೂ ಸುಲಭವಾಗುವುದು. ತನ್ನ ನುಡಿಗೂ ಒಂದು ವ್ಯವಸ್ಥೆಯುಂಟೆಂಬ ಅರಿವೂ ಉಂಟಾಗುವುದು.