ಮೋಚಿಯ ಅರ್ಥಗಳು

ಮುಂಬಯಿಯ ಬೀದಿಯಲ್ಲಿ ‘ಮೋಚಿ’ ಎಂದರೆ ಪಾದರಕ್ಷೆ ಹೊಲಿದುಕೊಡುವವನು. ಜಪಾನಿನಲ್ಲಿ ಅದೇ ಉಚ್ಚಾರದ ಮಾತು ಅಕ್ಕಿಯ ತಿನಿಸೊಂದರ ಹೆಸರು. ಇವೆರಡಕ್ಕೂ ಯಾವ ನಂಟೂ ಇಲ್ಲ.

ನಮ್ಮ ಇಡ್ಲಿಯ ಅಕ್ಕಿಯನ್ನು ರುಬ್ಬಿದ ಮೇಲೆ ಬೇಯಿಸುತ್ತೇವೆ. ಅಲ್ಲಿಯ ಕ್ರಮ ತಿರುಗುಮುರುಗು. ಅಂಟುಗುಣದ ಅಕ್ಕಿಯನ್ನು ನೆನೆಯಿಟ್ಟು, ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಒರಳಿಗೆ ಹಾಕಿ ಮರದ ಕೊಡತಿಯಿಂದ ಬಡಿಯುತ್ತಾರೆ. ಹೊಸ ವರ್ಷದ ಹಬ್ಬಕ್ಕೆ ಅದು ಬೇಕೇ ಬೇಕು. ಆ ಅಂಟಿನಿಂದಲೇ ತುತ್ತು ಗಂಟಲಿಗೆ ಸಿಕ್ಕಿ ವೃದ್ಧರು ಪ್ರಾಣ ಕಳೆದುಕೊಳ್ಳುವುದೂ ಉಂಟು. ಚಿಕ್ಕ ಚೂರುಗಳಾಗಿ ತಿನ್ನುವುದೇ ಲೇಸು.

ಜಪಾನೀಯರು ಈ ಹೆಸರನ್ನು ಬರೆಯುವ ಅಕ್ಷರ ಚೀನೀಯರದು. ಚೀನಾದಲ್ಲಿ ಅದನ್ನು ‘ಬಿಂಗ್’ ಎಂದು ಓದುತ್ತಾರೆ. ಅರ್ಥ ಸಾಮಾನ್ಯವಾಗಿ ಗೋದಿಹಿಟ್ಟಿನ ರೊಟ್ಟಿ. ಅಕ್ಷರ ಸಮುದ್ರ ದಾಟಿತು, ಧಾನ್ಯ ಬದಲಾಯಿತು!

ಜಪಾನೀಯರ ಆಡುಮಾತಿನಲ್ಲಂತೂ ಮೋಚಿಗೆ ನಾನಾ ವೇಷ. ‘ಯಾಕಿಮೋಚಿ’, ಅಂದರೆ ಸುಟ್ಟ ಮೋಚಿ, ಮತ್ಸರಕ್ಕೆ ಸಲ್ಲುವ ಮಾತು. ನಮ್ಮ ಹೊಟ್ಟೆಕಿಚ್ಚಿನಲ್ಲಿರುವ ಬೆಂಕಿಯೇ ಅಲ್ಲಿಯೂ ಇದೆ. ‘ಚಿತ್ರದಲ್ಲಿ ಬರೆದ ಮೋಚಿ’ ಎಂದರೆ ಕೈಗೆಟುಕದ ವಸ್ತು, ನಮ್ಮ ಕನ್ನಡಿಯೊಳಗಿನ ಗಂಟು. ಚಂದ್ರನಲ್ಲಿ ನಾವು ಕಾಣುವ ಮೊಲವನ್ನು ಅವರೂ ಕಾಣುತ್ತಾರೆ. ಆದರೆ ಆ ಮೊಲ ಸುಮ್ಮನೆ ಕುಳಿತಿಲ್ಲ, ಮೋಚಿ ಕುಟ್ಟುತ್ತಿದೆ.