ಸಂಶೋಧನೆ ಓದುವುದೂ ಸೇವೆಯ ಭಾಗವೇ



ಎಂ.ಎಸ್.ಡಬ್ಲ್ಯು. ಓದುವ ಮಕ್ಕಳು ರಜೆಗೆ ಊರಿಗೆ ಬಂದಾಗಲೂ ಸಂಶೋಧನಾ ಲೇಖನಗಳನ್ನು ಮುಂದಿಟ್ಟುಕೊಂಡು ಕೂರುತ್ತಾರೆ. “ಬಡವರ ಸೇವೆ ಕಲಿಯಲು ಹೋದವರಿಗೆ ಈ ಕಾಗದಗಳೇಕೆ?” ಎಂದು ಕೆಲವರು ಕೇಳುತ್ತಾರೆ. ಕೇಳುವುದು ಸರಿಯೇ. ವಿದ್ಯಾರ್ಥಿವೇತನದ ಪ್ರತಿ ರೂಪಾಯಿಯೂ ನಮ್ಮಲ್ಲಿರುವ ಅಮಾನತ್.

ಸೇವೆಗೆ ಕರುಣೆಯೊಂದೇ ಸಾಲದು, ತರಬೇತಿಯೂ ಬೇಕು. ಅದಕ್ಕೆಂದೇ 1936ರಲ್ಲಿ ಮುಂಬೈಯಲ್ಲಿ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೂ, 1960ರಲ್ಲಿ ನಮ್ಮ ಕರಾವಳಿಯ ಮಂಗಳೂರಿನಲ್ಲಿ ರೋಶನಿ ನಿಲಯವೂ ಆರಂಭವಾದವು. ಹೊಸ ಸಂಶೋಧನೆಗಳ ಪರಾಮರ್ಶೆ ಈ ತರಬೇತಿಯ ಒಂದು ಪಾಠ.

ಪರಾಮರ್ಶೆ ಎಂದರೆ ಸಾರಾಂಶವಲ್ಲ. ವಿದ್ಯಾರ್ಥಿ ಪ್ರತಿ ಅಧ್ಯಯನಕ್ಕೂ ನಾಲ್ಕು ಪ್ರಶ್ನೆ ಹಾಕಬೇಕು. ಯಾರನ್ನು ಕೇಳಿದರು? ಯಾವಾಗ, ಹೇಗೆ ಕೇಳಿದರು? ಯಾರು ಬಿಟ್ಟುಹೋದರು? ಅದೇ ವಿಷಯದ ಬೇರೆ ಅಧ್ಯಯನ ಏನು ಹೇಳುತ್ತದೆ?

ತದಡಿಯ ಉದಾಹರಣೆಯನ್ನೇ ನೋಡೋಣ. ಅಘನಾಶಿನಿ ಅಳಿವೆಯ ಬಳಚಿನ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ವರದಿ ಬರೆದರು. ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು, ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಕೆಲಸ ಎಂಬುದು ಅವರ ಅಂದಾಜು. ಬಂದರು, ವಿದ್ಯುತ್ ಸ್ಥಾವರ ಎಂದು ದೊಡ್ಡ ಯೋಜನೆಗಳ ಮಾತು ಬಂದ ಊರಿದು. ನೀರು ಇಳಿದಾಗ ಕೆಸರಿಗಿಳಿದು ಬಳಚು ಹೆಕ್ಕುವವರ ದುಡಿಮೆಗೂ ಬೆಲೆಯಿದೆ ಎಂದು ತೋರಿಸಲು ಇಂಥ ಅಂಕಿ ಬೇಕು. ಆದರೆ ಅದು ಹಳೆಯ ಲೆಕ್ಕ. ಇಂದಿನದೆಂದು ನಕಲು ಮಾಡಿದರೆ ತಪ್ಪಾಗುತ್ತದೆ. 2024ರಲ್ಲಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಆಮೇಲೆ ಹೆಕ್ಕುವವರ ಬದುಕು ಏನಾಗಿದೆ ಎಂಬುದನ್ನು ಹೊಸದಾಗಿಯೇ ಕೇಳಬೇಕು.

ಸಾಚಾರ್ ಸಮಿತಿಯ 2006ರ ವರದಿಯೂ ಹಾಗೆಯೇ. 2001ರ ಜನಗಣತಿಯಂತೆ ಮುಸ್ಲಿಮರ ಸಾಕ್ಷರತೆ ಶೇ. 59.1, ದೇಶದ ಸರಾಸರಿ ಶೇ. 65.1 ಎಂದು ಅದು ತೋರಿಸಿತು. ಇದು ಇಡೀ ದೇಶದ ಚಿತ್ರ. ನಮ್ಮ ಕೇರಿಯ ಯಾವ ಮಗಳು ಹತ್ತನೇ ತರಗತಿಗೆ ಶಾಲೆ ಬಿಟ್ಟಳು, ಏಕೆ ಬಿಟ್ಟಳು ಎಂಬುದು ಅದರಲ್ಲಿಲ್ಲ. ಅದಕ್ಕೆ ಮನೆಮನೆಗೆ ಹೋಗಬೇಕು. ಕಾರಣ ತಿಳಿಯದೆ ಕೊಟ್ಟ ನೆರವು, ಬಸ್ಸಿನ ಖರ್ಚಿಲ್ಲದವಳಿಗೆ ಪುಸ್ತಕ ಕೊಟ್ಟಂತೆ.

ಆದ್ದರಿಂದ ಸಮಾಜಕಾರ್ಯ ಓದುವ ಅರ್ಜಿದಾರರು ಈ ಸಲ ಇತ್ತೀಚಿನ ಒಂದು ಅಧ್ಯಯನದ ಪರಾಮರ್ಶೆಯನ್ನು ಎರಡು ಪುಟದಲ್ಲಿ, ಕನ್ನಡದಲ್ಲೇ ಬರೆದು ಅರ್ಜಿಯೊಂದಿಗೆ ಲಗತ್ತಿಸಬೇಕು. ಕೊಡುವ ಮೊದಲು ಮನೆಯಲ್ಲಿ ಅಮ್ಮನಿಗೆ ಓದಿ ಹೇಳಲಿ. ಅವರಿಗೆ ಅರ್ಥವಾದರೆ ನಮಗೂ ಅರ್ಥವಾಗುತ್ತದೆ. ಮಕ್ಕಳ ಶ್ರಮವನ್ನೂ ತಮ್ಮೆಲ್ಲರ ದಾನವನ್ನೂ ಅಲ್ಲಾಹನು ಸ್ವೀಕರಿಸಲಿ, ಆಮೀನ್.