ತನ್ನ ಮೊಕದ್ದಮೆಯನ್ನು ತಾನೇ ಕೇಳಿಸಿಕೊಂಡ ಕಟ್ಟಡ

ಬೆಂಗಳೂರಿನಲ್ಲಿ ಹೈಕೋರ್ಟ್ ಇರುವ ಅಠಾರ ಕಚೇರಿಗೆ ತನ್ನ ಮೇಲಿನ ಮೊಕದ್ದಮೆಯನ್ನು ತಾನೇ ಕೇಳಿಸಿಕೊಳ್ಳುವ ಯೋಗ ಬಂದಿತ್ತು. 1980ರ ದಶಕದ ಆರಂಭದಲ್ಲಿ ಅದನ್ನು ಕೆಡವಿ ಹೈಕೋರ್ಟಿಗೆ ಹೊಸ ಕಟ್ಟಡ ಎಬ್ಬಿಸುವ ಮಾತು ಎದ್ದಿತು. ಜಾಗ ಸಾಲದು ಎಂಬುದು ಕಾರಣ. ಅದೇನೂ ಸುಳ್ಳಲ್ಲ. ಕೆಡವಬೇಡಿ ಎಂದವರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು, ಅದರ ವಿಚಾರಣೆ ನಡೆದದ್ದು ಅದೇ ಸೂರಿನಡಿ. ಕೊನೆಗೆ ಕಟ್ಟಡ ಉಳಿಯಿತು. ಇವತ್ತು ಅಂಬೇಡ್ಕರ್ ವೀಧಿಯಲ್ಲಿ ನಿಂತು ಒಮ್ಮೆ ಆಚೆ ವಿಧಾನಸೌಧವನ್ನೂ ಒಮ್ಮೆ ಈಚೆ ಈ ಕೆಂಪು ಗೋಡೆಗಳನ್ನೂ ನೋಡುವವರಲ್ಲಿ ಎಷ್ಟು ಜನಕ್ಕೆ ಈ ಕಥೆ ಗೊತ್ತಿದೆಯೋ!

ಹೆಸರಿನಲ್ಲೇ ಲೆಕ್ಕವಿದೆ. ಅಠಾರಾ ಅಂದರೆ ಹದಿನೆಂಟು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಕಾಲ ಅದು. ಸರ್ಕಾರದ ಹದಿನೆಂಟು ಇಲಾಖೆಗಳು ಕೋಟೆಯ ಟಿಪ್ಪು ಅರಮನೆಯಲ್ಲಿ, ತೇಗದ ಕಂಬಗಳ ನಡುವೆ, ಕಾಗದದ ಕಟ್ಟುಗಳ ಜೊತೆ ಇಕ್ಕಟ್ಟಾಗಿ ಕೂತಿದ್ದವು. 1864ರಲ್ಲಿ ಹೊಸ ಕಚೇರಿಯ ಕೆಲಸ ಶುರುವಾಗಿ 1868ರಲ್ಲಿ ಮುಗಿಯಿತು. ನಕ್ಷೆ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯದು. ಮಲ್ಲೇಶ್ವರದ ಪಕ್ಕದ ಕೆರೆಗೆ ಹೆಸರು ಬಂದದ್ದು, ಕಬ್ಬನ್ ಪಾರ್ಕ್ ರೂಪುಗೊಂಡದ್ದು ಇವರಿಂದಲೇ. ಕಟ್ಟಿಸಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್, ಮುಂದೆ 1873ರಲ್ಲಿ ಆರ್‌ಬಿಎಎನ್‌ಎಂ ಶಾಲೆಯನ್ನು ಹುಟ್ಟುಹಾಕಿದವರು. ಆ ಶಾಲೆಯ ಹೆಸರಿನ ಅಕ್ಷರಗಳಲ್ಲಿ ಅಡಗಿರುವ ರಾಯ್ ಬಹದ್ದೂರ್ ಅವರೇ.

1956ರಲ್ಲಿ ಎದುರುಗಡೆ ವಿಧಾನಸೌಧ ಎದ್ದಿತು. ಇಲಾಖೆಗಳು ಗಂಟುಮೂಟೆ ಕಟ್ಟಿ ರಸ್ತೆ ದಾಟಿದವು. ಹಳೆಯ ಕಚೇರಿ ಹೈಕೋರ್ಟಿನ ಪಾಲಾಯಿತು.

ನನ್ನ ಕಣ್ಣಿಗೆ ಇಡೀ ಕಥೆಯ ತಿರುವು ಇರುವುದು ಇಲ್ಲೇ. ಆ ಹೊತ್ತಿನಲ್ಲಿ ಬೀಗ ಜಡಿದು 'ಮುಂದೆ ನೋಡೋಣ' ಎಂದಿದ್ದರೆ ಅರ್ಜಿ ಹಾಕುವ ಪ್ರಸಂಗವೇ ಬರುತ್ತಿರಲಿಲ್ಲ. ಮಳೆಯೇ ತೀರ್ಪು ಕೊಟ್ಟುಬಿಡುತ್ತಿತ್ತು. ಹಳೆಯ ಸರ್ಕಾರಿ ಕಟ್ಟಡಕ್ಕೆ ಬೇಕಾದದ್ದು ಫಲಕವೂ ಅಲ್ಲ, ವರ್ಷಕ್ಕೊಮ್ಮೆಯ ದೀಪಾಲಂಕಾರವೂ ಅಲ್ಲ. ಬೆಳಿಗ್ಗೆ ಕಿಟಕಿ ತೆಗೆಯಲು ಯಾರಾದರೂ ಬರಬೇಕು. ಸೂರು ಸೋರಿದರೆ ಅದೇ ದಿನ ಬೈಯುವವರು ಒಳಗಿರಬೇಕು. ಆ ಮಟ್ಟಿಗೆ ವಕೀಲರಿರುವ ಕಟ್ಟಡ ಪುಣ್ಯ ಮಾಡಿದೆ ಅನ್ನಿ.

ನೋಡಿಕೊಳ್ಳುವುದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿಗೆ ಹೋಗಬೇಕು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷ ಕಳೆದು ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ಬಿತ್ತು. ಆಮೇಲೆ ಕೆಡವಬೇಕೇ, ಉಳಿಸಬೇಕೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಜನ ಓಡಾಡುತ್ತಿದ್ದ ಜಾಗಗಳೇ ಅವು. ಅಂದರೆ ಬಳಕೆಯೊಂದೇ ಸಾಲದು, ರಿಪೇರಿಯೂ ಬೇಕು, ಅದೂ ಕಟ್ಟಡದ ಜಾತಕಕ್ಕೆ ಹೊಂದುವ ರಿಪೇರಿ.

ಈ ಜಾತಕದ ಪಾಠ ನನಗೆ ಆದದ್ದು ಚಾಮರಾಜಪೇಟೆಯ ಹಳೆಯ ಮನೆಯೊಂದರಲ್ಲಿ. ಗಾರೆ ಮೇಸ್ತ್ರಿಯೊಬ್ಬರು ಗೋಡೆಯನ್ನು ಬೆರಳಿನ ಗೆಣ್ಣಿನಿಂದ ಕುಟ್ಟುತ್ತಾ ಹೋದರು. ಒಂದು ಕಡೆ 'ಟಕ್', ಇನ್ನೊಂದು ಕಡೆ ಡೊಳ್ಳಿನ ಸದ್ದು. "ಇಲ್ಲಿ ಸಿಮೆಂಟ್ ಬಳಿದವ್ರೆ ಸಾ, ಒಳಗೆ ಗೋಡೆ ಬಿಟ್ಕೊಂಡೈತೆ," ಎಂದು ಕರಣೆಯ ಮೂಲೆ ತೂರಿಸಿ ಎಬ್ಬಿಸಿದರು. ರೊಟ್ಟಿಯಷ್ಟು ಅಗಲದ ಹಲ್ಲೆ ಕಳಚಿ ಬಂತು. ಅದರ ಹಿಂದೆ ಒದ್ದೆ ಇಟ್ಟಿಗೆ. ಇಟ್ಟಿಗೆಯ ಮೇಲೆ ಉಪ್ಪಿನ ಬಿಳಿ ನವಿರು. "ಸುಣ್ಣದ ಗೋಡೆ ಉಸ್ರಾಡ್ತದೆ. ನೀವು ಮೂಗು ಮುಚ್ಚಿದ್ರೆ ಎಲ್ಲಿಂದ ಉಸ್ರಾಡ್ಬೇಕು ಅದು?"

ಮೇಸ್ತ್ರಿಯ ಮಾತಿನಲ್ಲಿ ಪೂರಾ ವಿಜ್ಞಾನವಿದೆ. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಮರಳು, ಇಟ್ಟಿಗೆ ಪುಡಿ ಸೇರಿಸಿ, ಗಾಣದಲ್ಲಿ ಅರೆದರೆ ಗಾರೆ. ಕೆಲವರು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಕೂಡಿಸುತ್ತಿದ್ದರು. ಅದು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ. ಆದರೆ ಒಳಗಿನ ತೇವವನ್ನು ಹೊರಗೆ ಬಿಡುವ ಗುಣ ಹೋಗುವುದಿಲ್ಲ. ಅದರ ಮೇಲೆ ಸಿಮೆಂಟ್ ಬಳಿದರೆ ಬುಡದಿಂದ ಏರುವ ತೇವಕ್ಕೆ ದಾರಿ ಮುಚ್ಚುತ್ತದೆ. ಅದು ಮೇಲಕ್ಕೇ ಏರಿ, ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಹಿಡಿಯುತ್ತದೆ. ಆ ಕಾಲದ ಬೆಂಗಳೂರಿಗೆ ಬಹಳ ಒಗ್ಗಿದ್ದ ಮದ್ರಾಸ್ ತಾರಸಿಗೆ ಜೀವವೇ ಆ ತೊಲೆಗಳು. ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಡ್ಡಮೂಲೆಯಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆ ಜಲ್ಲಿಯ ಗಾರೆ ಸುರಿದು, ದಿನಗಟ್ಟಲೆ ಮರದ ಬಡಿಗೆಯಿಂದ ಬಡಿಯುತ್ತಿದ್ದರು. ತುದಿ ಕೊಳೆತರೆ ಹೊರಗಿನಿಂದ ಕಾಣಿಸದು. ಕಂಡಾಗ ತಡವಾಗಿರುತ್ತದೆ.

ಹಾಗಾಗಿ ಇಂಥ ಕಟ್ಟಡದ ಮುಖ್ಯ ಹಬ್ಬ ಬರುವುದು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ. ತಾರಸಿಯ ನೀರಿನ ದೋಣಿಯಲ್ಲಿ ತುಂಬಿದ ಎಲೆ, ಪಾರಿವಾಳದ ಗೂಡು ಎಲ್ಲ ತೆಗೆಯಬೇಕು. ಬಿರುಕಿನಲ್ಲಿ ಮೊಳೆತ ಅರಳಿ ಸಸಿಯನ್ನು ಬೇರುಸಮೇತ ಕೀಳಬೇಕು. ಎಲೆ ಮಾತ್ರ ಚಿವುಟಿದರೆ ಮುಂದಿನ ವರ್ಷಕ್ಕೆ ಅದು ಇಟ್ಟಿಗೆಯನ್ನು ಎರಡು ಹೋಳು ಮಾಡುತ್ತದೆ. ಅರಳಿ ಕೀಳಲು ಕೈ ಹಿಂಜರಿಯುವವರೂ ಇದ್ದಾರೆ. ಬುಡದಲ್ಲಿ ದೇವರಿದ್ದಾನೆ, ಬೇಡ ಸ್ವಾಮಿ ಅನ್ನುತ್ತಾರೆ. ಅವರನ್ನು ಒಪ್ಪಿಸಿ ಸಸಿಯನ್ನು ಬೇರೆ ಕಡೆ ನೆಡಿಸುವುದೂ ಸಂರಕ್ಷಣೆಯ ಕೆಲಸವೇ. ಹವಾನಿಯಂತ್ರಕ್ಕೆ ಕಂಡಲ್ಲಿ ತೂತು ಕೊರೆಯದೆ, ಕೇಬಲ್ಲನ್ನು ಕಂಬದ ಕೆತ್ತನೆಗೆ ಮೊಳೆ ಹೊಡೆದು ನೇತುಹಾಕದೆ ಇರುವುದೂ ಅಷ್ಟೇ ಮುಖ್ಯ. ನೂರೈವತ್ತು ವರ್ಷ ದಾಟಿದ ಕಂಬವನ್ನು ಹಾಳುಮಾಡಲು ಒಂದು ಡ್ರಿಲ್ ಸಾಕು.

ಜಾಗದ ತಕರಾರು ಮಾತ್ರ ಅಠಾರ ಕಚೇರಿಯಲ್ಲಿ ಹಳೆಯದು, ಮುಗಿಯದ್ದು. ಹಿಂಬದಿಯಲ್ಲಿ ಹೊಸ ಬ್ಲಾಕುಗಳು ಬಂದವು, ಅವಕ್ಕೂ ಅದೇ ಕೆಂಪು ಬಳಿದರು. ಶುದ್ಧ ವಾಸ್ತು ಬಯಸುವವರು ಮೂಗು ಮುರಿದರೆ ನಾನೇನೂ ಬೇಸರಿಸುವುದಿಲ್ಲ. ಆದರೆ ಹಳೆಯದರ ತಲೆಯ ಮೇಲೆ ಮಹಡಿ ಹೇರುವುದಕ್ಕಿಂತ ಇದು ಎಷ್ಟೋ ವಾಸಿ. 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ತೆರೆದು, 2013ರಲ್ಲಿ ಕಾಯಂ ಆದವು. ಉತ್ತರ ಕರ್ನಾಟಕದ ಕಕ್ಷಿದಾರರ ರೈಲು ಪ್ರಯಾಣ ತಪ್ಪಿಸಲೆಂದು ಆದ ಏರ್ಪಾಡು ಅದು. ಅದರ ಪುಣ್ಯದಲ್ಲಿ ಒಂದು ಪಾಲು ಈ ಹಳೆಯ ಗೋಡೆಗಳಿಗೂ ಸೇರಿತು.

ನೋಡಬೇಕೆಂದರೆ ಕೋರ್ಟು ನಡೆಯುವ ದಿನ ಹೋಗಿ. ಗುರುತಿನ ಚೀಟಿ ಇಟ್ಟುಕೊಳ್ಳಿ, ಪಾಸ್ ಕೊಡುವಲ್ಲಿ ಸಾಲಿನಲ್ಲಿ ನಿಲ್ಲಿ. ನಮ್ಮಲ್ಲಿ ವಿಚಾರಣೆ ಸಾಮಾನ್ಯವಾಗಿ ಬಹಿರಂಗ, ಕೇಳುವ ಹಕ್ಕು ಎಲ್ಲರಿಗೂ ಇದೆ. ಮುಂಬದಿಯ ಕಂಬಗಳನ್ನು ಬರುವಾಗಲೇ ನೋಡಿಬಿಡಿ, ಆಮೇಲೆ ಪುರುಸೊತ್ತು ಸಿಗದು. ಇಲ್ಲಿ ಕುದುರೆಯೇರಿ ಕೂತಿದ್ದ ಹಿಂದಿನ ಕಮಿಷನರ್ ಮಾರ್ಕ್ ಕಬ್ಬನ್‌ನನ್ನು ಹುಡುಕಬೇಡಿ. ಆ ಪ್ರತಿಮೆಯನ್ನು 2020ರಲ್ಲಿ ರಾಜಭವನಕ್ಕೆ ಸಾಗಿಸಿದ್ದಾರೆ. ಒಳಗೆ ವಕೀಲರು ಕಪ್ಪು ಗೌನು ಬೀಸುತ್ತಾ ನಿಮ್ಮನ್ನು ದಾಟಿ ಓಡುತ್ತಾರೆ, ಕಕ್ಷಿದಾರರು ಮಡಿಲಲ್ಲಿ ಕಡತ ಇಟ್ಟುಕೊಂಡು ಕಾಯುತ್ತಿರುತ್ತಾರೆ. ಅವರ ನಡುವೆ ಗೋಡೆಗೆ ಒರಗಿ ನಿಂತು, ಯಾರೂ ನೋಡದಿದ್ದಾಗ, ಗೆಣ್ಣಿನಿಂದ ಒಮ್ಮೆ ಮೆಲ್ಲಗೆ ಕುಟ್ಟಿ ನೋಡಿ.